ಮೂವತ್ತೈದಕ್ಕೆ ಪಾಸಾದ ಹೃದಯ

ಎಕೋ ಪರೀಕ್ಷೆಯಲ್ಲಿ ಪ್ರೋಬ್ ಎಂಬ ಹಿಡಿಯನ್ನು ಒತ್ತಿ ಇಡುವ ಜಾಗ ಎದೆಯ ಎಡಭಾಗ. ಸರಿಯಾಗಿ ಅದೇ ಜಾಗದಲ್ಲಿ ನಮ್ಮ ಜಿಲ್ಲೆಯ ಜನ ತಮಗೆ ಬೇಕಾದದ್ದನ್ನೆಲ್ಲ ಇಟ್ಟುಕೊಂಡಿರುತ್ತಾರೆ ಎಂಬುದನ್ನು ಬೆಂಗಳೂರಿನಲ್ಲಿ ನನಗೆ ತರಬೇತಿ ಕೊಟ್ಟವರು ಹೇಳಿರಲಿಲ್ಲ. ಹೆಂಗಸರ ತಾಳಿ ಅಲ್ಲೇ. ಲಿಂಗ ಕಟ್ಟಿದವರ ಕರಡಿಗೆ ಅಲ್ಲೇ. ತಾಯತ ಅಲ್ಲೇ. ರವಿಕೆಯೊಳಗಿನ ಪರ್ಸು, ಎಲೆಅಡಿಕೆ ಚೀಲ, ವಾಪಸ್ ಹೋಗುವ ಬಸ್ಸಿನ ದುಡ್ಡು ಎಲ್ಲವೂ ಅಲ್ಲೇ. ಇವನ್ನೆಲ್ಲ ದಾಟಿದ ಮೇಲೆ ಹೃದಯ.

"ತಾಳಿ ಸ್ವಲ್ಪ ತೆಗೀರಮ್ಮ" ಎಂದು ಮೊದಲ ವಾರವೇ ಒಬ್ಬಾಕೆಗೆ ಹೇಳಿದೆ. ಆಕೆ ಮಂಚದ ಮೇಲೆ ದಡಕ್ಕನೆ ಎದ್ದು ಕೂತಳು. "ಯಾಕವ್ವ ತೆಗೀಲಿ? ನಮ್ಮನೇರು ಹೊರಗೆ ಬೀಡಿ ಸೇದ್ತಾ ಕುಂತವ್ರೆ, ಹೋಗಿ ನೋಡ್ಕಂಬಾ!" ಅಂದಿನಿಂದ ನಾನು ತಾಳಿ ತೆಗೆಯಿರಿ ಎನ್ನುವುದನ್ನು ಬಿಟ್ಟು ಬೆನ್ನಿಗೆ ಹಾಕಿಕೊಳ್ಳಿ ಎನ್ನತೊಡಗಿದೆ. ಕೆಲವರಿಗೆ ಅದೂ ಒಪ್ಪಿಗೆಯಿಲ್ಲ. ತಾಳಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಮಲಗುವರು. "ಎಷ್ಟು ದಿನದಿಂದ ಸುಸ್ತು?" ಎಂದರೆ "ಊಂ", "ಕಾಲು ಬಾವು ಬರುತ್ತಾ?" ಎಂದರೂ "ಊಂ". ಹೀಗೆ ಗಂಡನ ಆಯುಷ್ಯವನ್ನು ಹಲ್ಲಲ್ಲಿ ಹಿಡಿದುಕೊಂಡು ತಮ್ಮ ಹೃದಯ ತೋರಿಸಿದ ಎಷ್ಟು ಹೆಂಗಸರನ್ನು ನಾನು ನೋಡಿದೆನೋ ಲೆಕ್ಕವಿಲ್ಲ.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ, ಬರೆಯುವುದಕ್ಕೂ ಏನಿಲ್ಲ. ಚಿತ್ರದುರ್ಗದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ತೊಂಬತ್ತರ ದಶಕದ ಶುರುವಿನಲ್ಲಿ ಎಕೋ ಟೆಕ್ನಿಷಿಯನ್ ಆಗಿ ಸೇರಿದೆ, ಸೀನಿಯರ್ ಎಕೋ ಟೆಕ್ನಿಷಿಯನ್ ಆಗಿ ಹೊರಬಂದೆ. ನಡುವೆ ಸಿಕ್ಕಿದ್ದು ಬಲ ಭುಜದ ನೋವು. ಶಬ್ದದ ಅಲೆಗಳನ್ನು ಎದೆಯೊಳಗೆ ಕಳಿಸಿ, ಹೃದಯದ ಗೋಡೆ ಹೇಗೆ ಹಿಂಡುತ್ತಿದೆ, ವಾಲ್ವುಗಳು ಸರಿಯಾಗಿ ಮುಚ್ಚುತ್ತಿವೆಯೇ, ರಕ್ತ ಯಾವ ಕಡೆ ಓಡುತ್ತಿದೆ ಎಂದು ಪರದೆಯ ಮೇಲೆ ನೋಡುವುದು ನನ್ನ ಕೆಲಸ. ಸೂಜಿಯಿಲ್ಲ, ನೋವಿಲ್ಲ, ಕಹಿಯಿಲ್ಲ. ಹಾಗಾಗಿ ಬಹಳ ಜನಕ್ಕೆ ಇದರ ಮೇಲೆ ನಂಬಿಕೆಯೂ ಇರಲಿಲ್ಲ.

ಹೆಸರೇ ಮೊದಲ ತೊಡಕು. "ಎಕೋ ಮಾಡಿಸ್ಕಂಡ್ ಬರ್ರಿ" ಎಂದು ಡಾಕ್ಟರು ಕಳಿಸಿದರೆ, ಬಂದವರು ಬಾಗಿಲಲ್ಲಿ ನಿಂತು, "ಅದೇನೋ ಯಾಕೋ ಮಾಡ್ತಾರಂತಲ್ಲ, ಅದು ಇಲ್ಲೇನಾ?" ಎನ್ನುವರು. ಯಾಕೆ ಮಾಡಬೇಕು ಎಂದು ಅವರಿಗೂ ಗೊತ್ತಿಲ್ಲ, ಕಳಿಸಿದವರಿಗೂ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. ಕೊನೆಗೆ ನಾಲ್ಕು ತಾಲೂಕಿನಲ್ಲೂ ನಾನು "ಯಾಕೋ ಮೇಡಂ" ಆದೆ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು.

ನರ್ಸಿಂಗ್ ಹೋಮಿನ ಮಾಲೀಕರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ರೋಗ ಹಿಡಿಯುವುದರಲ್ಲಿ ಎಷ್ಟು ದೊಡ್ಡವರೋ ಹೇಳಲಾರೆ, ಉಪಾಯದಲ್ಲಿ ಮಾತ್ರ ನಿಜಕ್ಕೂ ದೊಡ್ಡವರು. ಅವರು ಯಾರೋ ಮಾರಿದ ಹಳೆಯ ಎಕೋ ಮೆಷಿನ್ ಒಂದನ್ನು ತಂದರು. ಬೀರುವಿನಷ್ಟು ಎತ್ತರ, ಪರದೆ ಕಪ್ಪು ಬಿಳುಪು. ಒಂದೇ ಊರಲ್ಲಿ ನಿಲ್ಲಿಸಿದರೆ ಅದು ಅನ್ನ ಹಾಕುವುದಿಲ್ಲ ಎಂದು ಅದನ್ನು ಮೆಟಡಾರ್ ವ್ಯಾನಿನಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗೆ ಸರದಿಯ ಮೇಲೆ ಕಳಿಸತೊಡಗಿದರು. ಮೆಷಿನ್‌ಗೆ ಹತ್ತಿಯ ಹಾಸಿಗೆ, ಮೇಲೆ ಎರಡು ಕೌದಿ. ನನಗೆ ಸ್ಟೆಪ್ನಿ ಟೈರು. ಗುಂಡಿ ಬಂದಾಗಲೆಲ್ಲ ಡ್ರೈವರ್ ಬಾಷಾ ಹಿಂದಕ್ಕೆ ತಿರುಗಿ, "ಪೆಟ್ಟಾಗಿಲ್ಲ ತಾನೇ?" ಎಂದು ಕಾಳಜಿಯಿಂದ ಕೇಳುತ್ತಿದ್ದ. ಕೇಳುತ್ತಿದ್ದದ್ದು ಮೆಷಿನ್ನನ್ನು.

ಹೊಸದುರ್ಗದಲ್ಲಿ ನಾವು ಕ್ಯಾಂಪ್ ಮಾಡುತ್ತಿದ್ದ ಕೋಣೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಗಿರಣಿ ಶುರುವಾದರೆ ಕರೆಂಟು ಇಳಿಯುತ್ತಿತ್ತು, ಪರದೆಯ ಮೇಲಿನ ಹೃದಯ ಗಡಗಡ ನಡುಗುತ್ತಿತ್ತು. ಒಮ್ಮೆ ದೊಡ್ಡ ಡಾಕ್ಟರೇ ಕ್ಯಾಂಪಿಗೆ ಬಂದವರು ಆ ನಡುಕ ನೋಡಿ ಗಂಭೀರರಾಗಿ, ರೋಗಿಯ ಮಗನನ್ನು ಪಕ್ಕಕ್ಕೆ ಕರೆದು, "ಹಾರ್ಟು ಅದುರ್ತಾ ಐತೆ, ಸೀರಿಯಸ್ಸು" ಎಂದು ಮೂರು ಥರದ ಔಷಧ ಬರೆದರು. ಅಷ್ಟರಲ್ಲಿ ರಾಗಿ ಮುಗಿದು ಗಿರಣಿ ನಿಂತಿತು. ಹೃದಯವೂ ತಣ್ಣಗಾಯಿತು. ಡಾಕ್ಟರು ಔಷಧದ ಚೀಟಿಯನ್ನು ವಾಪಸ್ ತೆಗೆದುಕೊಂಡರೇ? ಇಲ್ಲ. "ನೋಡಿದ್ರಾ, ಔಷಧದ ಹೆಸರು ಬರೆದ ತಕ್ಷಣ ಹೆಂಗೆ ಇಳೀತು" ಎಂದರು. ಆಮೇಲೆ ನಾನು ಗಿರಣಿಯವನ ಜೊತೆ ಒಪ್ಪಂದ ಮಾಡಿಕೊಂಡೆ: ಒಂದು ಚೀಲ ರಾಗಿ, ಒಂದು ಹೃದಯ, ಮತ್ತೆ ಒಂದು ಚೀಲ ರಾಗಿ.

ಪ್ರೋಬಿಗೆ ಹಚ್ಚುವ ಜೆಲ್ ವಿಷಯದಲ್ಲೂ ಅವರ ತಲೆ ಓಡಿತು. ಹಿರಿಯೂರಿನಲ್ಲಿ ಜೆಲ್ ಮುಗಿದು ಫೋನ್ ಮಾಡಿದರೆ, "ತೆಂಗಿನ ಸೀಮೇಲಿ ಕುಂತ್ಕಂಡು ಜೆಲ್ ಇಲ್ಲ ಅಂತೀರಲ್ರೀ, ಕೊಬ್ರಿ ಎಣ್ಣೆ ಹಚ್ರಿ" ಎಂದರು. ಆ ದಿನ ಬಂದವರೆಲ್ಲ ಎದೆಗೆ ಎಣ್ಣೆಸ್ನಾನ ಮಾಡಿಕೊಂಡು ಹೋದರು, ಕೆಲವರು ತಲೆಗೂ ಒಂದಿಷ್ಟು ಕೇಳಿ ಹಚ್ಚಿಕೊಂಡರು. ಪ್ರೋಬಿನ ರಬ್ಬರು ಮಾತ್ರ ಉಬ್ಬಿ ಸಿಪ್ಪೆ ಬಿಟ್ಟಿತು. ರಿಪೇರಿಯವನು ಬಂದು ಪ್ರೋಬನ್ನು ಮೂಸಿ ನೋಡಿ ನನ್ನ ಮುಖ ನೋಡಿದ. ನಾನು ಗೋಡೆಯ ಕಡೆ ನೋಡಿದೆ.

ಕೆಲವು ವರ್ಷಗಳ ನಂತರ ಕಲರ್ ಡಾಪ್ಲರ್ ಬಂತು. ಪ್ರೋಬಿನ ಕಡೆಗೆ ಬರುವ ರಕ್ತ ಕೆಂಪಾಗಿ, ದೂರ ಹೋಗುವ ರಕ್ತ ನೀಲಿಯಾಗಿ ಪರದೆಯ ಮೇಲೆ ಕಾಣುತ್ತದೆ. ಬಣ್ಣಕ್ಕೆ ಇರುವುದು ಅಷ್ಟೇ ಅರ್ಥ. ದೊಡ್ಡ ಡಾಕ್ಟರು ಮಾತ್ರ ಕೆಂಪು ಒಳ್ಳೆಯ ರಕ್ತ, ನೀಲಿ ಕೆಟ್ಟ ರಕ್ತ ಎಂದು ಎಲ್ಲರಿಗೂ ಸಾರಿದರು. ಕೌಂಟರಿನಲ್ಲಿ, "ಬ್ಲ್ಯಾಕ್ ಅಂಡ್ ವೈಟ್ ಬೇಕೋ, ಕಲರ್ ಬೇಕೋ?" ಎಂದು ಫೋಟೋ ಸ್ಟುಡಿಯೋದವರಂತೆ ಕೇಳುವ ಪದ್ಧತಿ ಶುರುವಾಯಿತು. ಬಬ್ಬೂರಿನ ಒಬ್ಬರು, "ಕಲರ್ರೇ ಮಾಡ್ರಿ ಮೇಡಂ, ಇನ್ನೊಂದ್ ಕಾಪಿ ಜಾಸ್ತಿ ಹಾಕ್ರಿ, ಬೀಗರಿಗೆ ತೋರಿಸ್ಬೇಕು" ಎಂದರು. ಹಾಕಿಕೊಟ್ಟೆ. ಬೀಗರು ಏನು ನೋಡಿ ಮೆಚ್ಚಿದರೋ ಗೊತ್ತಿಲ್ಲ.

ಇದೇ ಕಾಲದಲ್ಲಿ ಹುಟ್ಟುವ ಮಗು ಗಂಡೋ ಹೆಣ್ಣೋ ನೋಡಬಾರದೆಂಬ ಕಾನೂನು ಬಿಗಿಯಾಗಿ, ಸ್ಕ್ಯಾನಿಂಗ್ ಮೆಷಿನ್ ಇರುವಲ್ಲೆಲ್ಲ ತಪಾಸಣೆ ಶುರುವಾಯಿತು. ಆಗಲೇಬೇಕಾಗಿದ್ದ ಕಾನೂನು ಅದು, ಅದರ ಮೇಲೆ ನನಗೆ ತಮಾಷೆಯಿಲ್ಲ. ಆದರೆ ತಪಾಸಣೆಗೆ ಬಂದ ಒಬ್ಬರು ನಮ್ಮ ಕೋಣೆಗೆ ನುಗ್ಗಿ, ಮಂಚದ ಮೇಲೆ ಅಂಗಿ ಬಿಚ್ಚಿ ಮಲಗಿದ್ದ ಮದಕರಿಪುರದ ಎಪ್ಪತ್ತರ ಮುದುಕರನ್ನು ಸರಿಯಾಗಿ ನೋಡದೆ, "ಇಲ್ಲಿ ಗಂಡೋ ಹೆಣ್ಣೋ ನೋಡ್ತೀರಾ?" ಎಂದು ಗದರಿದರು. ಮುದುಕರು ಮೀಸೆ ಮುಟ್ಟಿಕೊಂಡು, "ನೋಡಾದೇನೈತೆ ಸಾಮಿ, ಗಂಡೇ" ಎಂದರು.

ಇವೆಲ್ಲ ನಕ್ಕು ಮರೆಯುವ ಮಾತುಗಳು. ನಾನು ಮರೆಯದೆ ಇರುವುದು ಪರ್ಸೆಂಟಿನ ಕಥೆ.

ಹೃದಯ ಎಷ್ಟು ಬಲವಾಗಿ ಹಿಂಡುತ್ತಿದೆ ಎಂಬುದನ್ನು ನಾವು ಮೊದಲು ಮಾತಿನಲ್ಲಿ ಬರೆಯುತ್ತಿದ್ದೆವು. ಗುಡ್, ಫೇರ್, ಪೂರ್ ಎಂದು. ಅದರಲ್ಲೂ ಗೊಂದಲವಿತ್ತು. ಫೇರ್ ಎಂದರೆ ಬೆಳ್ಳಗೆ ಎಂದು ಯಾರೋ ಓದಿ ಹೇಳಿ, ಒಬ್ಬ ಅಜ್ಜಿ, "ನಾನು ಕರಿ ಇದ್ರೂ ಒಳಗೆ ಬೆಳ್ಳಗಿದೀನಂತೆ" ಎಂದು ಖುಷಿಯಾಗಿ ಹೋಗಿದ್ದಳು. ಹೊಸ ಮೆಷಿನ್ ಬಂದ ಮೇಲೆ ದೊಡ್ಡ ಡಾಕ್ಟರು, "ಜನಕ್ಕೆ ನಂಬರ್ ಬೇಕ್ರೀ. ನಂಬರ್ ಕೊಟ್ರೆ ನಂಬ್ತಾರೆ" ಎಂದು ಇ.ಎಫ್. ಪರ್ಸೆಂಟನ್ನು ದಪ್ಪಕ್ಷರದಲ್ಲಿ ಹಾಕಿಸಿ, ಕೆಳಗೆ ಕೆಂಪು ಗೆರೆ ಎಳೆಯತೊಡಗಿದರು. ಇ.ಎಫ್. ಅಂದರೆ ಇಷ್ಟೇ: ಹೃದಯ ಒಂದು ಸಲ ಹಿಂಡಿದಾಗ ಒಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎಂಬ ಲೆಕ್ಕ. ಪೂರ್ತಿ ಯಾವತ್ತೂ ಹೋಗುವುದಿಲ್ಲ. ಅರವತ್ತರ ಆಸುಪಾಸು ಹೋದರೆ ಗಟ್ಟಿ ಹೃದಯ. ನೂರಕ್ಕೆ ನೂರು ಬರುವ ಹೃದಯ ಯಾರಿಗೂ ಇಲ್ಲ.

ಆದರೆ ನಮ್ಮ ಜನಕ್ಕೆ ಪರ್ಸೆಂಟ್ ಎಂದರೆ ಒಂದೇ ಅರ್ಥ, ಎಸ್ಸೆಸ್ಸೆಲ್ಸಿ. ಅರವತ್ತು ಬಂದವರು ಮಿಕ್ಕ ನಲವತ್ತು ಕೆಟ್ಟುಹೋಯಿತೆಂದು ಅಳುವರು. ನಲವತ್ತು ಬಂದವರು ಹೇಗೋ ದಾಟಿದೆವೆಂದು ನಗುವರು. "ಗ್ರೇಸ್ ಮಾರ್ಕ್ಸ್ ಏನಾದ್ರೂ ಐತೇನ್ರಿ?" ಎಂದು ಕೇಳಿದವರೂ ಉಂಟು. ನಗಬೇಡಿ, ಕೇಳಿದವರು ಗೆಜೆಟೆಡ್ ಅಧಿಕಾರಿ.

ಹೊಳಲ್ಕೆರೆಯ ಕ್ಯಾಂಪಿಗೆ ಒಂದು ದಿನ ಹಾಲಪ್ಪ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಊರಲ್ಲಿ ಅವರ ಕೈಯಲ್ಲಿ ಫೇಲಾಗದ ಮನೆತನವೇ ಇರಲಿಲ್ಲ. ಮಗನ ಬಲವಂತಕ್ಕೆ ಪರೀಕ್ಷೆಗೆ ಬಂದಿದ್ದರು. ಅವರ ಹಿಂದೆಯೇ ಹೆಗಲ ಮೇಲೆ ಕಂಬಳಿ ಹೊದ್ದ ಕ್ಯಾತಪ್ಪ ಎಂಬ ಕುರಿಗಾಹಿ. ಅವನ ಹಟ್ಟಿ ಇರುವುದು ಹಿರಿಯೂರಿನ ಕಡೆ. ಕೊಯ್ಲು ಮುಗಿದ ಮೇಲೆ ಪ್ರತಿವರ್ಷ ಕುರಿ ಹೊಡೆದುಕೊಂಡು ಬಂದು ಮೇಷ್ಟ್ರ ಹೊಲದಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುತ್ತಿದ್ದ. ಆ ವರ್ಷ ನಾಲ್ಕು ಹೆಜ್ಜೆಗೆ ಏದುಸಿರು. ಮೇಷ್ಟ್ರೇ, "ನನ್ ಜೊತೆ ಬಾರೋ, ನಿಂದೂ ಒಂದ್ ನೋಡಿಸಾಣ" ಎಂದು ಕರೆತಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕರೆತಂದರು. ಈ ಕಥೆಯಲ್ಲಿ ಕೆಟ್ಟ ಮನಸ್ಸು ಯಾರದೂ ಇಲ್ಲ, ಅದೇ ಕಷ್ಟ.

ಮೊದಲು ಮೇಷ್ಟ್ರು.

"ಎಷ್ಟು ಬಂತ್ರೀ?"

"ಅರವತ್ತೆರಡು ಸಾರ್. ಬಹಳ ಚೆನ್ನಾಗಿದೆ."

"ಚೆನ್ನಾಗೈತಾ? ಮಿಕ್ಕಿದ್ದು ಮೂವತ್ತೆಂಟು ಎಲ್ಲಿ ಹೋತು?"

ನಾನು ವಿವರಿಸಲು ಹೊರಟೆ. ಅವರು ಕೈ ಎತ್ತಿ ತಡೆದರು. "ರೀ ಯಮ್ಮ, ಜೀವಮಾನವೆಲ್ಲ ಪೇಪರ್ ತಿದ್ದಿದೀನಿ. ನನಗೇ ಪರ್ಸೆಂಟೇಜ್ ಹೇಳ್ಕೊಡ್ತೀರಾ? ರೀವ್ಯಾಲ್ಯುಯೇಷನ್ ಮಾಡ್ರಿ."

ಮಾಡಿದೆ. ಅರವತ್ನಾಲ್ಕು ಬಂತು. "ನೋಡಿದ್ರಾ, ಕೇಳಿದ್ದಕ್ಕೆ ಎರಡು ಬಂತು. ಕೇಳದೆ ಇದ್ದೋರ ಗತಿ ಏನು?" ಎಂದು ಅಂಗಿ ಹಾಕಿಕೊಂಡು ಸಿಟ್ಟಿನಲ್ಲೇ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು.

ಆಮೇಲೆ ಕ್ಯಾತಪ್ಪ. ಮಂಚದ ಮೇಲೆ ಅಡ್ಡಾದರೆ ಉಸಿರು ಸಿಕ್ಕುವುದಿಲ್ಲ. ಅರ್ಧ ಕೂರಿಸಿಯೇ ನೋಡಿದೆ. ಹೃದಯ ಅಗಲವಾಗಿ ಜೋತುಬಿದ್ದಿತ್ತು, ಗೋಡೆಗಳು ಹಿಂಡುವುದನ್ನೇ ಮರೆತಂತೆ ಆಲಸ್ಯದಿಂದ ಅಲುಗುತ್ತಿದ್ದವು. ಮೂವತ್ತೈದು. "ಕ್ಯಾತಪ್ಪ, ಹಾರ್ಟಿಗೆ ಶಕ್ತಿ ಇಲ್ಲ. ಈ ಕಾಗದ ತಗಂಡು ನಾಳೆನೇ ಚಿತ್ರದುರ್ಗಕ್ಕೆ ಬಂದು ದೊಡ್ಡ ಡಾಕ್ಟರಿಗೆ ತೋರಿಸ್ಬೇಕು. ಮಾತ್ರೆ ಶುರು ಮಾಡ್ಬೇಕು. ಕುರಿ ಹಿಂದೆ ಅಡ್ಡಾಡಂಗಿಲ್ಲ" ಎಂದು ಬಿಡಿಸಿ ಹೇಳಿದೆ. ಹೂಂಗುಟ್ಟಿ ಹೊರಗೆ ಹೋದ. ಅವನು ನಾಳೆಯೂ ಬರಲಿಲ್ಲ, ನಾಡಿದ್ದೂ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಗೊತ್ತಾದದ್ದು ಮಳೆಗಾಲ ಶುರುವಾದಾಗ, ಹಿರಿಯೂರಿನ ಕ್ಯಾಂಪಿನಲ್ಲಿ. ಅವನ ಹೆಂಡತಿ ಕರಿಯಮ್ಮ ಅವನನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಳು. ಕಾಲು ಬಾತು ಕಂಬದಂತಾಗಿದ್ದವು. ಮಾತಾಡಿದರೆ ನಡುವೆ ಎರಡು ಸಲ ಉಸಿರು ಎಳೆದುಕೊಳ್ಳಬೇಕು. "ಮಾತ್ರೆ ಯಾಕೆ ತಗಳ್ಳಿಲ್ಲ?" ಎಂದೆ.

"ಪಾಸಾದೋನಿಗೆ ಯಾಕವ್ವ ಮಾತ್ರೆ?" ಎಂದ.

"ಏನು ಪಾಸು?"

ಕಂಬಳಿಯ ಮಡಿಕೆಯೊಳಗಿಂದ ಹಳೆಯ ರಿಪೋರ್ಟು ತೆಗೆದ. "ಹಾಲಪ್ಪ ಮೇಷ್ಟ್ರು ಓದಿ ಹೇಳಿದ್ರು. ಮೂವತ್ತೈದು ಬಂದೈತೆ, ಗೆರೆ ಮೇಲೆ ನಿಂತೀಯ, ಆದ್ರೂ ಪಾಸು ಪಾಸೇ ಕಣೋ ಅಂದ್ರು. ನನ್ನ ಎರಡನೇ ಕ್ಲಾಸಿಗೆ ಬಿಡಿಸಿ ಮರಿ ಕಾಯಾಕೆ ಹಾಕಿದ್ರು ನಮ್ಮಪ್ಪ. ಪಾಸಾಗಿದ್ದು ಇದೊಂದೇ. ಹಟ್ಟಿಗೆಲ್ಲ ಬೆಲ್ಲ ಹಂಚೀನಿ."

ನಾನು ಒಳಗೆ ಮುಂದಿನ ರೋಗಿಯ ಎದೆ ನೋಡುತ್ತಿದ್ದಾಗ ಹೊರಗೆ ಬೆಂಚಿನ ಮೇಲೆ ಪರೀಕ್ಷಾ ಮಂಡಳಿ ಫಲಿತಾಂಶ ಪ್ರಕಟಿಸಿತ್ತು. ಮೈಯೆಲ್ಲ ಉರಿದುಹೋಯಿತು. "ಅದು ಪಾಸಲ್ಲ ಕ್ಯಾತಪ್ಪ, ಇದರಲ್ಲಿ ಲೆಕ್ಕ ಬೇರೆ" ಎಂದು ಸಾರಿ ಸಾರಿ ಹೇಳಿದೆ. ಅವನು ಮಗುವಿಗೆ ಸಮಾಧಾನ ಹೇಳುವವನ ಹಾಗೆ, "ನೀವು ಮಿಷನ್ ನೋಡೋರು ತಾಯಿ. ಮಾರ್ಕ್ಸು ಮೇಷ್ಟ್ರಿಗೆ ಗೊತ್ತು" ಎಂದ. ಕ್ಯಾಂಪಿನ ಡಾಕ್ಟರು ಸೂಜಿ ಹಾಕಿ ನೀರು ಇಳಿಸಿದರು, ಬಾವು ತಗ್ಗಿತು. ತಗ್ಗಿದ ಕೂಡಲೇ ಅವನು ಕೇಳಿದ್ದು ಕುರಿ ಹಿಂದೆ ಯಾವಾಗ ಹೋಗಲಿ ಎಂದು. ಕರಿಯಮ್ಮ ನನ್ನ ಮೊಣಕೈ ಹಿಡಿದು ಮೂಲೆಗೆ ಎಳೆದಳು. "ಅವ್ವ, ಈವಯ್ಯ ಆ ಮೇಷ್ಟ್ರ ಮಾತು ಬಿಟ್ಟು ಯಾರ್ ಮಾತೂ ಕೇಳಲ್ಲ. ಹಿಂಗೇ ಬಿಟ್ರೆ ಉಳಿಯಲ್ಲ. ಆ ಮೇಷ್ಟ್ರ ಬಾಯಲ್ಲೇ ಹೇಳಿಸ್ರಿ."

ಮುಂದಿನ ಹೊಳಲ್ಕೆರೆ ಕ್ಯಾಂಪಿನ ದಿನ ನಾನು ಮೆಷಿನ್ ಇಳಿಸುವ ಮೊದಲೇ ಮೇಷ್ಟ್ರ ಮನೆಗೆ ಹೋದೆ. ಜಗಲಿಯ ಮೇಲೆ ಪೇಪರು ಓದುತ್ತ, ಅದರಲ್ಲಿ ತಪ್ಪಿದ ಕಾಗುಣಿತಕ್ಕೆ ಗೆರೆ ಎಳೆಯುತ್ತ ಕೂತಿದ್ದರು.

"ಸಾರ್, ನೀವು ಪಾಸ್ ಮಾಡಿದ ಕ್ಯಾತಪ್ಪ ಸಾಯ್ತಾ ಇದಾನೆ" ಎಂದೆ.

ಅವರು ಕನ್ನಡಕ ತೆಗೆದರು. ಮುಖ ಬಿಳುಚಿತು. ಆದರೆ ಮೇಷ್ಟ್ರ ಬಾಯಲ್ಲಿ ತಪ್ಪಾಯಿತು ಎನ್ನುವ ಮಾತು ಅಷ್ಟು ಬೇಗ ಬರುತ್ತದೆಯೇ? "ಮೂವತ್ತೈದಕ್ಕೆ ಪಾಸು ಅಂತ ಮಾಡಿದ್ದು ನಾನಲ್ಲ, ಸರ್ಕಾರ" ಎಂದರು.

"ಇದು ಬೇರೆ ಪರೀಕ್ಷೆ ಸಾರ್. ಇಲ್ಲಿ ಐವತ್ತೈದರ ಮೇಲಿದ್ರೆ ಪಾಸು."

ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ನಿಧಾನಕ್ಕೆ, "ಹಂಗಾದ್ರೆ ನಂದು ಅರವತ್ನಾಲ್ಕು?"

"ನೀವು ಪೂರ್ತಿ ಪಾಸು."

"ಡಿಸ್ಟಿಂಕ್ಷನ್ನಾ?"

ಮನುಷ್ಯ ಸಾಯುತ್ತಿದ್ದಾನೆ ಎಂದು ಹೇಳಲು ಬಂದವಳಿಗೆ ಈ ಪ್ರಶ್ನೆ. ನನಗೆ ಸಿಟ್ಟು ಬಂದದ್ದು ನಿಜ. ಆದರೂ, "ಹೌದು ಸಾರ್, ಡಿಸ್ಟಿಂಕ್ಷನ್" ಎಂದುಬಿಟ್ಟೆ. ಇಲ್ಲದಿದ್ದರೆ ಅವರು ಹಿರಿಯೂರಿಗೆ ಹೊರಡುತ್ತಿರಲಿಲ್ಲ. ಆ ವಾರವೇ ಇಸ್ತ್ರಿ ಪಂಚೆ ಉಟ್ಟು ನಮ್ಮ ವ್ಯಾನು ಹತ್ತಿದರು. ಅವರನ್ನು ಬಾಷಾ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿದ. ಸ್ಟೆಪ್ನಿ ನನಗೇ ಉಳಿಯಿತು.

ಹಟ್ಟಿಯ ಬಾಗಿಲಲ್ಲಿ ಕ್ಯಾತಪ್ಪ ಗೋಡೆಗೆ ಒರಗಿ ಕೂತಿದ್ದ. ಮೇಷ್ಟ್ರನ್ನು ಕಂಡು ಏಳಲು ಹೋದ. "ಕುಂತ್ಕಳೋ" ಎಂದು ಮೇಷ್ಟ್ರು ಅವನ ಎದುರು ನಿಂತು ಗಂಟಲು ಸರಿಮಾಡಿಕೊಂಡರು. "ಲೇ ಕ್ಯಾತ, ಅವತ್ತು ಹೇಳಿದ್ದು ಹಳೇ ಸಿಲಬಸ್ಸು. ಈಗ ರೂಲ್ಸು ಬದಲಾಗೈತೆ. ನೀನು ಫೇಲು."

"ನಪಾಸಾ ಮೇಷ್ಟ್ರೆ?"

"ಪೂರ್ತಿ ನಪಾಸು."

ಕ್ಯಾತಪ್ಪ ತಲೆ ತಗ್ಗಿಸಿದ. ಅವನ ಕಣ್ಣಲ್ಲಿ ನೀರು ಬಂತು. ಕಾಲು ಬಾತಾಗ ಅಳದವನು, ಉಸಿರು ಕಟ್ಟಿದಾಗ ಅಳದವನು ಈಗ ಅತ್ತ. ಹಂಚಿದ ಬೆಲ್ಲ ನೆನಪಾಯಿತೋ ಏನೋ. ಮೇಷ್ಟ್ರಿಗೂ ನೋಡಲಾಗಲಿಲ್ಲ, ಅವನ ಪಕ್ಕ ಇಸ್ತ್ರಿ ಪಂಚೆಯಲ್ಲೇ ನೆಲದ ಮೇಲೆ ಕೂತರು. "ಅಳಬ್ಯಾಡ ಕಣೋ. ಸಪ್ಲಿಮೆಂಟರಿ ಐತೆ. ಮುಂದಿನ ವರ್ಷ ಕೊಯ್ಲಾದ ಮೇಲೆ ಮತ್ತೆ ಕುಂತ್ಕ. ಪಾಠ ಹೇಳ್ತೀನಿ ಕೇಳು. ಉಪ್ಪು ಮುಟ್ಟಂಗಿಲ್ಲ. ಮಾತ್ರೆ ಎರಡೊತ್ತು ತಪ್ಪಸಂಗಿಲ್ಲ. ಕುರಿ ನಿನ್ ಭಾಮೈದಂಗೆ ಒಪ್ಪಿಸು. ಇಷ್ಟೇ ಸಿಲಬಸ್ಸು. ಓದ್ತೀಯಾ?"

"ಓದ್ತೀನಿ" ಎಂದ ಕ್ಯಾತಪ್ಪ.

ಓದಿದ. ನಾನು ಕಂಡ ರೋಗಿಗಳಲ್ಲಿ ಅಷ್ಟು ಶ್ರದ್ಧೆಯಿಂದ ಮಾತ್ರೆ ನುಂಗಿದವರು ಇನ್ನೊಬ್ಬರಿಲ್ಲ. ಹಬ್ಬದ ದಿನವೂ ಸಪ್ಪೆ ಸಾರು. ಮರಿಗಳ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದನೆಂದು ಕರಿಯಮ್ಮ ಹೇಳುತ್ತಿದ್ದಳು. ಹಟ್ಟಿಯ ಹೈಕಳು, "ಓದ್ಕಳಾದು ಆಯ್ತಾ ತಾತ?" ಎಂದು ರೇಗಿಸಿದರೆ, "ಆಯ್ತು, ಎರಡು ನುಂಗ್ದೆ" ಎನ್ನುತ್ತಿದ್ದನಂತೆ.

ಸಪ್ಲಿಮೆಂಟರಿಯ ದಿನ ಹಿರಿಯೂರಿನ ಕ್ಯಾಂಪಿನಲ್ಲಿ ಕ್ಯಾತಪ್ಪ, ಕರಿಯಮ್ಮ, ಭಾಮೈದ, ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದ ಹಾಲಪ್ಪ ಮೇಷ್ಟ್ರು. ಕ್ಯಾತಪ್ಪ ತಾನಾಗಿ ನಡೆದು ಒಳಗೆ ಬಂದ. ಮಂಚದ ಮೇಲೆ ಸಲೀಸಾಗಿ ಅಡ್ಡಾದ. ಕಾಲಲ್ಲಿ ಬಾವಿಲ್ಲ. ನನಗೆ ಖುಷಿಯಾಯಿತು. ಪ್ರೋಬ್ ಇಟ್ಟೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಹೊಸಬರು ಕೇಳಿಸಿಕೊಳ್ಳಿ. ಆ ಪರ್ಸೆಂಟ್ ಆಕಾಶದಿಂದ ಇಳಿಯುವುದಿಲ್ಲ. ಹೃದಯ ಹಿಗ್ಗಿದಾಗ ಒಮ್ಮೆ, ಹಿಂಡಿದಾಗ ಒಮ್ಮೆ ಚಿತ್ರವನ್ನು ನಿಲ್ಲಿಸಿ, ಒಳಗೋಡೆಯ ಅಂಚಿನ ಮೇಲೆ ನಾವೇ ಗೆರೆ ಎಳೆಯುತ್ತೇವೆ. ಮೆಷಿನ್ ಆ ಗೆರೆಗಳ ಲೆಕ್ಕ ಹಾಕುತ್ತದೆ, ಅಷ್ಟೇ. ಹಿಂಡಿದ ಚಿತ್ರದಲ್ಲಿ ಬೆರಳು ಕೊಂಚ ಒಳಗೆ ಹೋದರೆ ಐದು ಹೆಚ್ಚು, ಕೊಂಚ ಹೊರಗೆ ಹೋದರೆ ಐದು ಕಮ್ಮಿ. ದೊಡ್ಡ ಡಾಕ್ಟರು ಕೆಂಪು ಗೆರೆ ಎಳೆದು ಪೂಜಿಸುತ್ತಿದ್ದ ಸಂಖ್ಯೆ ನನ್ನ ತೋರುಬೆರಳಿನದು. ಮೇಷ್ಟ್ರಿಗೆ ಸಿಕ್ಕಿದ ಎರಡು ಮಾರ್ಕ್ಸೂ ಅದರದ್ದೇ.

ಮೂರು ಸಲ ಎಳೆದೆ. ಮೂವತ್ತಾರರ ಮೇಲೆ ಏಳಲಿಲ್ಲ.

ಕೆಲವು ಹೃದಯಗಳು ಹೀಗೆ. ಮಾತ್ರೆ ಅವುಗಳ ಭಾರ ಇಳಿಸುತ್ತದೆ, ದಿನ ತಳ್ಳಲು ಅನುವು ಮಾಡಿಕೊಡುತ್ತದೆ, ಹಿಂಡುವ ಶಕ್ತಿಯನ್ನು ಮಾತ್ರ ವಾಪಸ್ ತರುವುದಿಲ್ಲ. ಮಾತ್ರೆ ಬಿಟ್ಟರೆ ಅಷ್ಟೂ ಹೋಗುತ್ತದೆ. ಬಾಗಿಲಲ್ಲಿ ನಿಂತಿದ್ದ ಬಾಷಾ ಪರದೆ ನೋಡಿ ಮೆಲ್ಲಗೆ, "ಹತ್ತಿಪ್ಪತ್ತು ಹಾಕ್ಬಿಡಿ ಮೇಡಂ, ನಿಮ್ ಗಂಟೇನ್ ಹೋಗ್ತೈತೆ" ಎಂದ. ಹಾಕಬಹುದಿತ್ತು, ಬೆರಳು ನನ್ನದೇ. ಆದರೆ ಪಾಸು ಎಂದರೆ ನಾಳೆಯೇ ಮಾತ್ರೆ ಬಿಸಾಕಿ ಕುರಿ ಹಿಂದೆ ಹೊರಡುತ್ತಾನೆ. ನಪಾಸು ಎಂದರೆ ಈ ಮಾತ್ರೆಯಿಂದ ಏನೂ ಆಗಲಿಲ್ಲ ಎಂದು ಬಿಡುತ್ತಾನೆ. ಎರಡು ಕಡೆಯೂ ಅವನ ಸಾವೇ ಕಾಣುತ್ತಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಮೂವತ್ತಾರು, ಕ್ಯಾತಪ್ಪ."

ಅವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ನೆಲ ನೋಡಿದರು.

"ವರ್ಷವೆಲ್ಲ ಓದಿದ್ದಕ್ಕೆ ಒಂದ್ ಮಾರ್ಕಾ?" ಎಂದ ಕ್ಯಾತಪ್ಪ. ಸಿಟ್ಟಿರಲಿಲ್ಲ, ದಣಿವಿತ್ತು. ಕೈಯಲ್ಲಿದ್ದ ಮಾತ್ರೆಯ ಚೀಲವನ್ನು ನನ್ನ ಮೇಜಿನ ಮೇಲಿಟ್ಟ. "ಸಾಕು ತಾಯಿ. ನನ್ ತಲೆಗೆ ಇದು ಹತ್ತಲ್ಲ. ಇಟ್ಕಳ್ರಿ. ಕುರಿ ಹತ್ರ ಹೋಗ್ತೀನಿ, ಆದಂಗಾಗ್ಲಿ."

ಮೇಷ್ಟ್ರು ಬಾಯಿ ತೆರೆದರು. "ಕ್ಯಾತ, ಮುಂದಿನ ಸಲ..." ಎಂದವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ನನ್ನ ಬಳಿಯೂ ಇದ್ದದ್ದು ಹೃದಯದ ಪುಸ್ತಕದ ಮಾತು. ಅದನ್ನು ಅವನಿಗೆ ಹೇಳಿ ಪ್ರಯೋಜನವಿರಲಿಲ್ಲ.

ಕರಿಯಮ್ಮ ಅದುವರೆಗೆ ಗೋಡೆಗೆ ಒರಗಿ ನಿಂತಿದ್ದವಳು ಮುಂದೆ ಬಂದಳು. ಗಂಡನ ಕಡೆ ತಿರುಗಲಿಲ್ಲ, ನನ್ನನ್ನೇ ಕೇಳಿದಳು.

"ಅವ್ವ, ಹೋದ ವರ್ಷ ಈವಯ್ಯ ರಾತ್ರೆಲ್ಲ ಗೋಡೆಗೆ ಕುಂತು ಉಸಿರಿಗೆ ಬಾಯಿ ಬಿಡ್ತಿತ್ತು. ಎದ್ದಾಗ ಎತ್ತಾಕೆ, ಬಿದ್ದಾಗ ಹಿಡಿಯಾಕೆ ನಾನೂ ಕುಂತೇ ಇರ್ತಿದ್ದೆ. ಈಗ ಈವಯ್ಯ ಮಲಗ್ತೈತೆ. ನಾನೂ ಮಲಗ್ತೀನಿ. ನನ್ ನಿದ್ದೆಗೆ ನಿಮ್ ಮಿಷನ್ನಾಗೆ ಎಷ್ಟು ಮಾರ್ಕು ಕೊಡ್ತಾರೆ?"

ಕ್ಯಾತಪ್ಪ ಹೆಂಡತಿಯನ್ನು ನೋಡಿದ. ಅವಳು ಕಣ್ಣೊರೆಸಿಕೊಳ್ಳುವುದಕ್ಕೆ ಸೆರಗು ಹುಡುಕುತ್ತಿದ್ದಳು. ಅವನು ಕೈ ಚಾಚಿ ಮೇಜಿನ ಮೇಲಿನ ಚೀಲ ತೆಗೆದುಕೊಂಡ, ಒಳಗೆ ಬೆರಳಾಡಿಸಿ ನೋಡಿದ.

"ಬಿಳೇವು ಮುಗುದಾವೆ ತಾಯಿ" ಎಂದ. "ಬರ್ಸಿಕೊಡ್ರಿ."

ಕ್ಯಾತಪ್ಪ ಆಮೇಲೆ ಆರು ವರ್ಷ ಬದುಕಿದ. ಕರಿಯಮ್ಮ ಆ ಆರು ವರ್ಷವೂ ನಿದ್ದೆ ಮಾಡಿದಳು.